ಜೀಪು, ಕೊಡೆ, ಏಣಿ: ನಲಿಕಲಿ ಕೋಣೆಗೆ ನಾನು ಮಾಡುವ ಇಂಗ್ಲಿಷ್ ಕಾರ್ಡುಗಳು

'ಐ ಫಾರ್ ಇಗ್ಲೂ' ಎಂದು ಅಚ್ಚಾಗಿದ್ದ ಚಾರ್ಟು ನಮ್ಮ ಶಾಲೆಯ ಗೋಡೆಯ ಮೇಲೆ ಬಹಳ ವರ್ಷ ಇತ್ತು. ಅದರ ಕೆಳಗೆ ಕುಳಿತು ಕಲಿಯುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲುಮನೆಗಳಿಂದ, ಬರುವವರು. ಏನಿದು ಎಂದು ಕೇಳಿದರೆ ಒಬ್ಬ ಗುಡಿಸಲು ಎನ್ನುತ್ತಿದ್ದ, ಇನ್ನೊಬ್ಬಳು ಇಡ್ಲಿ ಎನ್ನುತ್ತಿದ್ದಳು. ನನಗಂತೂ ಇಡ್ಲಿಯೇ ಸರಿ ಅನ್ನಿಸುತ್ತಿತ್ತು. ಐ ಅಕ್ಷರದ ಸಣ್ಣ 'ಇ' ಶಬ್ದ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಮಕ್ಕಳಿಗೂ ಗೊತ್ತಿರುವ ವಸ್ತು, ಇನ್ನೇನು ಬೇಕು?

ಆ ಚಾರ್ಟು ಒಂದು ಮಳೆಗಾಲದಲ್ಲಿ ಬೂಸ್ಟು ಹಿಡಿದು ಹರಿದು ಹೋಯಿತು. ಹೊಸದು ತರಲಿಲ್ಲ. ಕಾರ್ಡುಗಳನ್ನು ನಾನೇ ಮಾಡಿಕೊಳ್ಳಲು ಶುರುಮಾಡಿದೆ. ಹೇಗೆ ಮಾಡ್ತೀರಾ ಎಂದು ಪರಿಚಯದ ಟೀಚರುಗಳು ಆಗಾಗ ಕೇಳುತ್ತಾರೆ, ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕೊಡಗಿನ ಸಿದ್ದಾಪುರದ ಕಡೆಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿ ಎಲ್ಲಾ ಒಂದೇ ಕೋಣೆಯಲ್ಲಿ. ನಲಿಕಲಿ ಹುಟ್ಟಿದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲೂಕಿನಲ್ಲೇ, 1995ರಲ್ಲಿ. ಕಾರ್ಡು ಕೈಯಲ್ಲಿ ಹಿಡಿದು, ಕಲಿಕಾ ಏಣಿಯ (ಕಲಿಯಬೇಕಾದದ್ದನ್ನು ಹಂತ ಹಂತವಾಗಿ ಜೋಡಿಸಿದ ಪಟ್ಟಿಯ) ಮೆಟ್ಟಿಲು ಹತ್ತಿಕೊಂಡು ಹೋಗುವ ಪದ್ಧತಿ ಅದು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಕನ್ನಡಕ್ಕೆ ಮಕ್ಕಳು ಕಾರ್ಡು ಹುಡುಕಿ ತಂದು ನೆಲದ ಮೇಲೆ ಹರಡಿಕೊಂಡು ಕಲಿಯುತ್ತಾರೆ. ಇಂಗ್ಲಿಷ್ ಬಂದ ಕೂಡಲೇ ಅದೇ ಕೋಣೆಯಲ್ಲಿ ನಾವು ಕೋಲು ಹಿಡಿದು ಗೋಡೆಯ ಚಾರ್ಟು ತೋರಿಸಿ ಹಾಡಿಸುತ್ತೇವೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗೋಡೆಯ ಚಾರ್ಟಿನ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಒಂದೇ ಹಾಳೆಯಲ್ಲಿ ಇಪ್ಪತ್ತಾರು ಚಿತ್ರ ತುರುಕಿದರೆ ಹಿಂದೆ ಕೂತ ಮಗುವಿಗೆ ಬಣ್ಣದ ಚುಕ್ಕೆ ಬಿಟ್ಟು ಏನೂ ಕಾಣುವುದಿಲ್ಲ. ಎರಡು ವಾರ ಕಳೆದ ಮೇಲೆ ಮುಂದೆ ಕೂತ ಮಗುವೂ ಅದನ್ನು ನೋಡುವುದಿಲ್ಲ. ಸಾಹೇಬರು ಬಂದಾಗ ಗೋಡೆ ತುಂಬಿರಬೇಕು, ಅದಕ್ಕಾಗಿ ಟಿಎಲ್‌ಎಂ, ಅಂದರೆ ಕಲಿಕೋಪಕರಣ, ಮಾಡುವವರೇ ಜಾಸ್ತಿ. ಒಮ್ಮೆ ಭೇಟಿಗೆ ಬಂದ ಅಧಿಕಾರಿಯೊಬ್ಬರು ನನ್ನ ಖಾಲಿ ಗೋಡೆ ನೋಡಿ ಮುಖ ಸಣ್ಣದು ಮಾಡಿಕೊಂಡರು, ಮಕ್ಕಳ ಮುಂದೆ ಹರಡಿದ್ದ ಕಾರ್ಡುಗಳ ಕಡೆ ತಿರುಗಿಯೂ ನೋಡಲಿಲ್ಲ. ಚಿತ್ರ ಮಗುವಿನ ಕೈಗೆ ಬರಬೇಕು, ತಿರುಗಿಸಿ ನೋಡುವ ಹಾಗಿರಬೇಕು, ಪಕ್ಕದವನ ಜೊತೆ ಕಿತ್ತಾಡುವ ಹಾಗಿರಬೇಕು. ನಾನು ಎಲ್ಲವನ್ನೂ ಮಾಡುವುದು ಅದಕ್ಕಾಗಿ.

ಮೊದಲು ಯಾವ ಚಿತ್ರ ಅನ್ನುವ ವಿಷಯ. ಎ ಇಂದ ಜೆಡ್ ತನಕ ಸಾಲಾಗಿ ಹೋಗಬೇಕು ಅನ್ನುವ ಹಟ ಬೇಡ. ಫೋನಿಕ್ಸ್, ಅಂದರೆ ಅಕ್ಷರದ ಶಬ್ದ ಹಿಡಿದು ಓದುವುದನ್ನು, ಕಲಿಸುವವರು ಸಾಮಾನ್ಯವಾಗಿ ಎಸ್, ಎ, ಟಿ, ಪಿ, ಐ, ಎನ್ ಈ ಆರು ಅಕ್ಷರಗಳಿಂದ ಶುರುಮಾಡುತ್ತಾರೆ. ಕಾರಣ ಸರಳ. ಈ ಆರರಲ್ಲೇ ಪಿನ್, ಟಿನ್, ಟ್ಯಾಪ್, ಪ್ಯಾನ್, ಆ್ಯಂಟ್ ಎಲ್ಲಾ ಬರುತ್ತವೆ, ಮಗು ಬೇಗ ಒಂದು ಇಡೀ ಪದ ಓದಿಬಿಡುತ್ತದೆ. ಎ, ಬಿ, ಸಿ, ಡಿ, ಇ, ಎಫ್ ಎಂದು ಹೋದರೆ ಅಷ್ಟೇ ಅಕ್ಷರಕ್ಕೆ ಅಷ್ಟು ಪದ ಸಿಗುವುದಿಲ್ಲ. ಇಲಾಖೆಯ ಕಲಿಕಾ ಏಣಿಯನ್ನು ನಾನು ಬಿಡುವುದಿಲ್ಲ, ಅದರ ಜೊತೆಯಲ್ಲೇ ಇದೂ ನಡೆಯುತ್ತದೆ.

ಇನ್ನು ಚಿತ್ರದ ಹೆಸರು ಆ ಅಕ್ಷರದ ಶಬ್ದದಿಂದಲೇ ಶುರುವಾಗಬೇಕು. ಸುಲಭದ ಮಾತು, ಆದರೆ ಅಂಗಡಿಯ ಚಾರ್ಟು ಎಡವುವುದೇ ಇಲ್ಲಿ. ಎಕ್ಸ್‌ಗೆ ಜೈಲೋಫೋನ್ ಹಾಕುತ್ತಾರೆ, ಕೇಳುವುದು ಜೆಡ್ ಶಬ್ದ. ಜಿಗೆ ಜಿರಾಫೆ ಹಾಕುತ್ತಾರೆ, ಕೇಳುವುದು ಜೆ ಶಬ್ದ. ಐಗೆ ಐಸ್‌ಕ್ರೀಮ್ ಕೂಡ ಮೊದಲಿಗೆ ಬೇಡ, ಅದರಲ್ಲಿ ಕೇಳುವುದು ಸಣ್ಣ 'ಇ' ಅಲ್ಲ. ನನ್ನ ಡಬ್ಬಿಯಲ್ಲಿ ಎಕ್ಸ್‌ಗೆ ಬಾಕ್ಸ್, ಶಬ್ದ ಕೊನೆಯಲ್ಲಿ ಬಂದರೂ ಸರಿಯಾದ ಶಬ್ದವೇ. ಜಿಗೆ ಗೋಟ್. ಐಗೆ ಇಂಕ್, ಇನ್‌ಸೆಕ್ಟ್.

ಉಳಿದದ್ದಕ್ಕೆ ನಮ್ಮ ಸುತ್ತಲೇ ಬೇಕಾದಷ್ಟಿದೆ. ಜೆಗೆ ಜೀಪು. ಬೆಳಗ್ಗೆ ತೋಟಕ್ಕೆ ಅಪ್ಪ ಅಮ್ಮ ಹೋಗುವುದೇ ಅದರಲ್ಲಿ, ಆ ಕಾರ್ಡು ತೋರಿಸಿದರೆ ಯಾವ ತೋಟದ ಜೀಪು, ಯಾರು ಡ್ರೈವರು ಅನ್ನುವ ತನಕ ಮಾತು ಹೋಗುತ್ತದೆ. ಎಲ್‌ಗೆ ಲ್ಯಾಡರ್, ಕರಿಮೆಣಸು ಕೊಯ್ಯುವ ಬಿದಿರಿನ ಏಣಿಯನ್ನೇ ಬರೆದಿದ್ದೇನೆ. ಎಸ್‌ಗೆ ಸ್ಯಾಕ್, ಎಚ್‌ಗೆ ಹೆನ್, ಓಗೆ ಕಿತ್ತಳೆ. ಯುಗೆ ಅಂಬ್ರೆಲ್ಲಾ, ಇದೊಂದರಲ್ಲಿ ಮಾತ್ರ ಅಂಗಡಿ ಚಾರ್ಟಿಗೂ ನನಗೂ ಪೂರ್ತಿ ಒಪ್ಪಿಗೆ. ಇಗೆ ಆನೆ ಅನ್ನುವುದು ಎಲ್ಲಾ ಕಡೆ ಇದ್ದದ್ದೇ, ಆದರೆ ನಮ್ಮಲ್ಲಿ ಆ ಕಾರ್ಡು ತೆಗೆದ ದಿನ ಪಾಠ ಮುಂದೆ ಹೋಗುವುದಿಲ್ಲ. ರಾತ್ರಿ ಲೈನಿನ ಹಿಂದೆ ಬಂದದ್ದು, ಬಾಳೆ ಮುರಿದದ್ದು, ಪಟಾಕಿ ಹೊಡೆದದ್ದು ಎಲ್ಲಾ ಕೇಳಲೇಬೇಕು. ಕೇಳಿ. ನನ್ನ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯರವ ಮಾತು, ಈಚೆಗೆ ಅಸ್ಸಾಂ ಕಡೆಯಿಂದ ಬಂದವರ ಮಾತು ಎಲ್ಲಾ ಇವೆ. ಯಾರು ಯಾವ ಭಾಷೆಯಲ್ಲಿ ಶುರುಮಾಡಿದರೂ ಪರವಾಗಿಲ್ಲ, ಚಿತ್ರ ಎಲ್ಲರಿಗೂ ಒಂದೇ. ಕಥೆ ಮುಗಿದ ಮೇಲೆ 'ಎಲಿಫೆಂಟ್, ಬಿಗ್' ಅನ್ನುವುದು ತಾನಾಗಿ ಬರುತ್ತದೆ.

ಬಿಗ್ ಅಂದ ಕೂಡಲೇ ನೆನಪಾಯಿತು. ದೊಡ್ಡದು ಚಿಕ್ಕದು ಕಲಿಸಲು ಆನೆ ಮತ್ತು ಇರುವೆ ಬರೆಯಬೇಡಿ. ಎಲ್ಲಾ ಪುಸ್ತಕದಲ್ಲೂ ಹಾಗೇ ಇರುತ್ತದೆ, ಮಗು ಅದನ್ನು ನೋಡಿ ಎಲಿಫೆಂಟ್, ಆ್ಯಂಟ್ ಎಂದು ಹೇಳಿ ಸುಮ್ಮನಾಗುತ್ತದೆ. ಅದರ ತಪ್ಪಲ್ಲ. ಒಂದೇ ವಸ್ತು ಎರಡು ಅಳತೆಯಲ್ಲಿ ಇರಲಿ, ದೊಡ್ಡ ಕೊಡೆ ಮತ್ತು ಸಣ್ಣ ಕೊಡೆ, ಬೇರೆ ಎಲ್ಲಾ ಒಂದೇ ಥರ. ಆಗ ವ್ಯತ್ಯಾಸ ಒಂದೇ ಕಾಣುತ್ತದೆ. ಕ್ರಿಯಾಪದಕ್ಕೂ ಇದೇ ಉಪಾಯ. ಓಡುವುದಕ್ಕೆ ಹುಡುಗನ ಫೋಟೋ, ತಿನ್ನುವುದಕ್ಕೆ ಹುಡುಗಿಯ ಫೋಟೋ, ಮಲಗುವುದಕ್ಕೆ ನಾಯಿಯ ಫೋಟೋ ಹಾಕಿದರೆ ಬರುವ ಉತ್ತರ ಬಾಯ್, ಗರ್ಲ್, ಡಾಗ್. ನಾನು ಒಬ್ಬನೇ ಕಡ್ಡಿ ಮನುಷ್ಯನನ್ನು ಬರೆಯುತ್ತೇನೆ. ಅವನೇ ಓಡುತ್ತಾನೆ, ಅವನೇ ತಿನ್ನುತ್ತಾನೆ, ಅವನೇ ಹಾರುತ್ತಾನೆ. ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಸುಲಭ ಇನ್ನೇನಿದೆ ಹೇಳಿ?

ಬಣ್ಣಕ್ಕೆ ಕೆಂಪು ಸೇಬು ಬೇಡ, ಅದು ಆ್ಯಪಲ್ ಆಗಿಬಿಡುತ್ತದೆ. ನನ್ನ ಹತ್ತಿರ ಕಾಫಿ ಹಣ್ಣಿನ ನಾಲ್ಕು ಕಾರ್ಡು ಇವೆ: ಕಾಯಿ ಹಸಿರು, ಬಲಿತಾಗ ಹಳದಿ, ಹಣ್ಣು ಕೆಂಪು, ಒಣಗಿದ ಚೆರಿ ಕಪ್ಪು. ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಇನ್, ಆನ್, ಅಂಡರ್ ಕಲಿಸಲು ಕಾರ್ಡೇ ಬೇಡ, ಒಂದು ಟಿಫಿನ್ ಡಬ್ಬಿ ಒಂದು ಕಲ್ಲು ಸಾಕು. 'ದಿ', 'ಇಸ್', 'ಮೈ' ಇಂಥವಕ್ಕೆ ಚಿತ್ರ ಹುಡುಕಲು ಹೋಗಬೇಡಿ. ಉದ್ದನೆಯ ಪಟ್ಟಿಯಲ್ಲಿ 'ದಿಸ್ ಇಸ್ ಮೈ' ಎಂದು ಬರೆದು ಕೊನೆಯಲ್ಲಿ ಜಾಗ ಬಿಡಿ, ಮಗು ಅಲ್ಲಿ ತನಗೆ ಬೇಕಾದ ಚಿತ್ರ ಇಡಲಿ. ದಿಸ್ ಇಸ್ ಮೈ ಜೀಪ್ ಎಂದು ಹೇಳಿ ಬೀಗುವವರು ನಮ್ಮಲ್ಲಿ ಬಹಳ ಜನ.

ಅಕ್ಷರದ ವಿಷಯ ಸ್ವಲ್ಪ ಹೇಳಬೇಕು. ಚಿತ್ರ ಮತ್ತು ಪದ ಒಂದೇ ಬದಿಯಲ್ಲಿದ್ದರೆ ಮಗು ಚಿತ್ರ ನೋಡಿ ಹೇಳುತ್ತದೆ, ನಾವು ಓದಿತು ಅಂದುಕೊಳ್ಳುತ್ತೇವೆ. ಅದಕ್ಕೆ ಮುಂದೆ ಚಿತ್ರ, ಹಿಂದೆ ಪದ. ಜೋಡಿಸುವ ಆಟಕ್ಕೆ ಪದದ ಕಾರ್ಡು ಬೇರೆಯೇ ಇರಲಿ. ದೊಡ್ಡ ಅಕ್ಷರದಲ್ಲೇ ಎಲ್ಲವನ್ನೂ ಬರೆಯುವ ಅಭ್ಯಾಸ ಬಿಡಿ, ಪುಸ್ತಕದಲ್ಲಿ ಮಕ್ಕಳು ಓದಬೇಕಾದದ್ದು ಬಹುಪಾಲು ಸಣ್ಣಕ್ಷರ. ಪ್ರಿಂಟ್ ತೆಗೆಸುವವರು ಫಾಂಟ್ ನೋಡಿಕೊಳ್ಳಿ. ಸಾಮಾನ್ಯ ಫಾಂಟುಗಳಲ್ಲಿ ಸಣ್ಣ ಎ ತಲೆಯ ಮೇಲೆ ಕೊಕ್ಕೆ ಹಾಕಿಕೊಂಡು ಬರುತ್ತದೆ, ಮಕ್ಕಳು ಬರೆಯುವ ಎ ಹಾಗಿರುವುದಿಲ್ಲ. ಏರಿಯಲ್‌ನಲ್ಲಿ ದೊಡ್ಡ ಐಗೂ ಸಣ್ಣ ಎಲ್‌ಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನಾನು ಆಂಡಿಕಾ ಬಳಸುತ್ತೇನೆ. ಹೊಸದಾಗಿ ಓದು ಕಲಿಯುವವರಿಗೆಂದೇ ಮಾಡಿದ ಫಾಂಟು, ಉಚಿತವಾಗಿ ಸಿಗುತ್ತದೆ.

ಈಗ ಮಳೆ. ಬೇರೆ ಜಿಲ್ಲೆಯವರು ಮಾಡಿದ ವಿಡಿಯೋ ನೋಡಿ ಕಾರ್ಡು ಮಾಡಿದರೆ ಕೊಡಗಿನಲ್ಲಿ ಜುಲೈ ದಾಟುವುದಿಲ್ಲ. ಚಾರ್ಟ್ ಪೇಪರ್ ಸುರುಳಿ ಸುತ್ತಿಕೊಳ್ಳುತ್ತದೆ, ಸ್ಕೆಚ್ ಪೆನ್ನಿನ ಬಣ್ಣ ಹರಡುತ್ತದೆ, ಡಬಲ್ ಸೈಡ್ ಟೇಪು ರಾತ್ರಿ ಬಿಟ್ಟುಕೊಂಡು ಬೆಳಗ್ಗೆ ಎಲ್ಲಾ ನೆಲದ ಮೇಲೆ. ಮೈದಾ ಅಂಟು ಹಾಕಿದರೆ ಬೂಸ್ಟೂ ಬರುತ್ತದೆ, ಜಿರಲೆಯೂ ಬರುತ್ತದೆ. ಮೇಣದ ಕ್ರೇಯಾನ್ಸ್ ವಾಸಿ, ನೀರು ಬಿದ್ದರೂ ಬಣ್ಣ ಓಡುವುದಿಲ್ಲ. ಪ್ರಿಂಟ್ ಆದರೆ ಲೇಸರ್ ಪ್ರಿಂಟೇ ಕೇಳಿ, ಇಂಕ್‌ಜೆಟ್ ಬಣ್ಣ ಒದ್ದೆ ಕೈ ತಾಗಿದರೆ ಕಲಸಿ ಹೋಗುತ್ತದೆ.

ಲ್ಯಾಮಿನೇಷನ್ ಮಾಡಿಸುವಾಗ ಒಂದು ವಿಷಯಕ್ಕೆ ನಾನು ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಸಲ ಜಗಳ ಮಾಡುತ್ತೇನೆ. ಅವರು ಎ4 ಹಾಳೆಯಲ್ಲಿ ನಾಲ್ಕು ಚಿತ್ರ ಹಾಕಿ ಲ್ಯಾಮಿನೇಟ್ ಮಾಡಿ, ಆಮೇಲೆ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಕಾಗದ ಬಾಯಿ ಬಿಟ್ಟಿರುತ್ತದೆ, ಅಲ್ಲಿಂದ ತೇವ ಒಳಗೆ ಹೋಗಿ ಆಗಸ್ಟ್ ಹೊತ್ತಿಗೆ ಚಿತ್ರದ ಮೇಲೆ ಕಪ್ಪು ಕಪ್ಪು ಚುಕ್ಕೆ. ಮೊದಲು ಚಿತ್ರ ಕತ್ತರಿಸಿ, ಒಂದಕ್ಕೊಂದು ತಾಗದ ಹಾಗೆ ಪೌಚಿನೊಳಗೆ ಇಟ್ಟು, ಲ್ಯಾಮಿನೇಟ್ ಆದ ಮೇಲೆ ಸುತ್ತಲೂ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಉಳಿಸಿ ಕತ್ತರಿಸಬೇಕು. ಮೂಲೆ ದುಂಡಗೆ ಮಾಡಿ, ಇಲ್ಲದಿದ್ದರೆ ಚುಚ್ಚುತ್ತದೆ. 125 ಮೈಕ್ರಾನ್ ಪೌಚು ಮಕ್ಕಳ ಕೈಗೆ ತಡೆಯುತ್ತದೆ. ಹೊಳಪು ಇಲ್ಲದ ಮ್ಯಾಟ್ ಸಿಕ್ಕಿದರೆ ಅದನ್ನೇ ತಗೊಳ್ಳಿ, ಕಿಟಕಿ ಬೆಳಕು ಬಿದ್ದರೆ ಹೊಳೆಯುವ ಕಾರ್ಡಿನಲ್ಲಿ ಚಿತ್ರವೇ ಕಾಣುವುದಿಲ್ಲ. ದುಡ್ಡು ಖರ್ಚು ಮಾಡಲು ಇಷ್ಟವಿಲ್ಲದವರು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಕ್ರೇಯಾನ್ಸ್‌ನಲ್ಲಿ ಬರೆಯಬಹುದು. ನೆಲದ ಮೇಲೆ ಹಾರಿ ಆಡುವ ಅಕ್ಷರದಾಟಕ್ಕೆ ಹಳೆಯ ಫ್ಲೆಕ್ಸ್ ಬ್ಯಾನರಿನ ಹಿಂಬದಿ ಬಹಳ ಚೆನ್ನ, ಒದ್ದೆ ಕಾಲಿಗೂ ಜಗ್ಗುವುದಿಲ್ಲ.

ಕಾರ್ಡು ಇಡುವುದು ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗೆ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಇದ್ದಿಲು.

ಮಳೆಯ ಇನ್ನೊಂದು ಕಾಟ ಕತ್ತಲೆ. ಕರೆಂಟ್ ಇರುವುದಿಲ್ಲ, ಮಧ್ಯಾಹ್ನವೇ ಸಂಜೆಯ ಬೆಳಕು. ಹಳದಿ, ತಿಳಿ ನೀಲಿ, ಗುಲಾಬಿ ಬಣ್ಣಗಳು ಆಗ ಕಣ್ಣಿಗೆ ಸಿಗುವುದೇ ಇಲ್ಲ. ಅದಕ್ಕೆ ನನ್ನ ಎಲ್ಲಾ ಚಿತ್ರಕ್ಕೂ ದಪ್ಪ ಕಪ್ಪು ಗೆರೆ, ಹಿನ್ನೆಲೆ ಖಾಲಿ. ಒಂದು ಕಾರ್ಡಿನಲ್ಲಿ ಒಂದೇ ವಸ್ತು.

ಮತ್ತೆ ಸದ್ದು. ನಮ್ಮ ಕೋಣೆಗೆ ಶೀಟಿನ ಮಾಡು. ಜೋರು ಮಳೆ ಬಂದರೆ ಎರಡನೇ ಸಾಲಿಗೆ ನನ್ನ ದನಿ ಕೇಳುವುದಿಲ್ಲ, ಕಿರುಚಿದರೂ ಇಲ್ಲ. ಕಾರ್ಡು ನಿಜವಾಗಿ ಕೆಲಸಕ್ಕೆ ಬರುವುದು ಆಗಲೇ. ಕಡ್ಡಿ ಮನುಷ್ಯನ ಕಾರ್ಡು ಎತ್ತಿ ತೋರಿಸಿದರೆ ಮಕ್ಕಳು ಅಭಿನಯ ಮಾಡುತ್ತಾರೆ. ಪದದ ಕಾರ್ಡು ಎತ್ತಿದರೆ ಅವರ ಗುಂಪಿನಲ್ಲಿರುವ ಚಿತ್ರ ಹುಡುಕಿ ಎತ್ತುತ್ತಾರೆ. ಕೆಲವೊಮ್ಮೆ ನಾನು ಬಾಯಿ ಮಾತ್ರ ಆಡಿಸುತ್ತೇನೆ, ಪಿನ್ನೋ ಪ್ಯಾನೋ ಎಂದು ತುಟಿ ನೋಡಿ ಕಂಡುಹಿಡಿಯಬೇಕು. ಆ ಹೊತ್ತಿನಲ್ಲಿ ಅವರು ನನ್ನ ಮುಖ ನೋಡುವಷ್ಟು ಗಮನವಿಟ್ಟು ಬೇರೆ ಯಾವಾಗಲೂ ನೋಡುವುದಿಲ್ಲ. ಮಳೆ ನಿಂತ ಮೇಲೆ ಅದೇ ಪದಗಳನ್ನು ಗಟ್ಟಿಯಾಗಿ ಹೇಳಿಸಿದರಾಯಿತು. ಒಂದು ಸಲಕ್ಕೆ ಹೊಸ ಕಾರ್ಡು ಐದಾರು ಸಾಕು, ಉಳಿದದ್ದೆಲ್ಲಾ ಹಳೆಯದೇ ಮತ್ತೆ ಮತ್ತೆ ಬರಲಿ.

ಇಂಟರ್‌ನೆಟ್ಟಿನಲ್ಲಿ ಚಿತ್ರ ಸಿಗುವುದಿಲ್ಲವೇ ಎಂದು ಕೇಳುತ್ತಾರೆ. ಸಿಗುತ್ತವೆ, ಬೇಕಾದಷ್ಟು. ಕಿಚನ್ ಅಂದರೆ ಓವನ್ ಇರುವ ಅಡುಗೆಮನೆ, ಹೌಸ್ ಅಂದರೆ ಹೊಗೆಗೂಡು ಇರುವ ಕೆಂಪು ಮನೆ. ನಾನು ಫೋನಿನಲ್ಲಿ ಊರಿನದ್ದೇ ಫೋಟೋ ತೆಗೆದು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ ಮಕ್ಕಳ ಕೈಯಲ್ಲಿ ಬಣ್ಣ ಹಾಕಿಸುತ್ತೇನೆ. ಯಾರದ್ದಾದರೂ ಮನೆಯೋ ಮುಖವೋ ಇದ್ದರೆ ಮೊದಲು ಕೇಳಿಯೇ ತೆಗೆಯುವುದು, ಗ್ರೂಪಿಗೆ ಹಾಕುವುದಂತೂ ಇಲ್ಲ.

ಈ ಸಲ ರಜೆಯಲ್ಲಿ ಮಾಡುತ್ತಿರುವುದು ಋತುಗಳ ಕಾರ್ಡು. ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಎಂದು ಹಿಮ ಬೀಳುವ ಚಿತ್ರ ತೋರಿಸಿ ಏನು ಪ್ರಯೋಜನ? ನಮ್ಮ ವರ್ಷ ಬೇರೆಯೇ ಇದೆ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ತೋಟವೆಲ್ಲಾ ಬಿಳಿ, ಜೂನ್‌ನಿಂದ ಮಳೆ, ನವೆಂಬರಿಂದ ಅರೇಬಿಕಾ ಕೊಯ್ಲು, ಅದರ ಹಿಂದೆ ರೊಬಸ್ಟಾ, ಕಣದಲ್ಲಿ ಚೆರಿ ಒಣಗುವುದು. ಫ್ಲವರ್, ರೈನ್, ಪಿಕ್, ಡ್ರೈ, ಇಷ್ಟೇ ಪದ. ಮಳೆ, ಕೊಯ್ಲು, ಕಣದ ಚಿತ್ರ ಆಗಿವೆ. ಹೂವಿನದ್ದು ಮಾತ್ರ ನಾನು ತೆಗೆದದ್ದೆಲ್ಲಾ ದೂರದಿಂದ, ಪ್ರಿಂಟ್ ಮಾಡಿದರೆ ಬಿಳಿ ಕಲೆಯ ಹಾಗೆ ಕಾಣುತ್ತದೆ. ಒಂದೇ ಕೊಂಬೆ ಹತ್ತಿರದಿಂದ ಕಾಣುವ ಫೋಟೋ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಶಾಲೆ ಶುರುವಾಗುವ ಮೊದಲು ಲ್ಯಾಮಿನೇಷನ್‌ಗೆ ಕೊಡಬೇಕು, ಅಂಗಡಿಯವರ ಜೊತೆ ಜಗಳಕ್ಕೂ ಸ್ವಲ್ಪ ಸಮಯ ಬೇಕಲ್ವಾ.