ಎಕ್ಮೋ ಹೌದು, ಗ್ರೇಡ್ 3

ಶ್ವಾಸಕೋಶ ಕಸಿಯ ಸಂಶೋಧನೆಗೆ ಒಂದೇ ಆಸ್ಪತ್ರೆಯ ಡೇಟಾ ಸಾಕಾಗುವುದಿಲ್ಲ. ದೊಡ್ಡ ಸೆಂಟರ್ ಅಂದರೂ ವರ್ಷಕ್ಕೆ ನೂರು-ಇನ್ನೂರು ಕಸಿ. ಮೊದಲ ಮೂರು ದಿನದೊಳಗೇ ಹೊಸ ಶ್ವಾಸಕೋಶ ನೀರು ತುಂಬಿಕೊಂಡು ಕೈಕೊಡುವ ಗ್ರೇಡ್ 3 ಪಿಜಿಡಿ (ಪ್ರೈಮರಿ ಗ್ರಾಫ್ಟ್ ಡಿಸ್‌ಫಂಕ್ಷನ್‌ನ ಅತಿ ತೀವ್ರ ಹಂತ) ಅದರಲ್ಲೂ ಕಡಿಮೆ. ಹಾಗಾಗಿ ಹಲವು ಸೆಂಟರ್‌ಗಳು ಸೇರಲೇಬೇಕು. ಅಮೆರಿಕದಲ್ಲಿ ಅಂಥದ್ದೊಂದು ಸ್ಟಡಿಯ ಡೇಟಾ ಟೀಮಿನಲ್ಲಿ ನಾನಿದ್ದೇನೆ. ಸ್ಟಡಿಯ ನಡುವೆ ಡೇಟಾ ನೋಡುವ ಒಂದು ಇಂಟೀರಿಮ್ ಕಾಲ್‌ನಲ್ಲಿ ನಡೆದದ್ದು ಈಗಲೂ ಬೇಸರ ತರಿಸುತ್ತದೆ.

ಸ್ಟ್ಯಾಟಿಸ್ಟಿಷಿಯನ್ ಸ್ಲೈಡ್ ಹಾಕಿದರು. ಸೆಂಟರ್‌ಗಳಿಗೆ ಹೆಸರಿಲ್ಲ. ಎ, ಬಿ, ಸಿ, ಡಿ ಅಷ್ಟೆ. ಟಿ72ರಲ್ಲಿ, ಅಂದರೆ ಕಸಿಯಾದ 72ನೇ ಗಂಟೆಯಲ್ಲಿ, ಸಿ ಸೆಂಟರಿನ ಗ್ರೇಡ್ 3 ಕಂಬ ಎಲ್ಲರಿಗಿಂತ ತುಂಬಾ ಎತ್ತರ. ಹೆಸರು ಮುಚ್ಚಿದರೇನು, ಅದು ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಸೀನಿಯರ್ ಸರ್ಜನ್ ಒಬ್ಬರು ಕೇಳಿಯೇಬಿಟ್ಟರು, "ನಿಮ್ಮಲ್ಲಿ ಪ್ರಿಸರ್ವೇಶನ್ ಸರಿಯಾಗಿ ಆಗ್ತಿದೆಯಾ? ಇಸ್ಕೀಮಿಕ್ ಟೈಮ್ ಎಷ್ಟು ಬರ್ತಿದೆ?" ದಾನಿಯಿಂದ ತೆಗೆದ ಶ್ವಾಸಕೋಶವನ್ನು ಸರಿಯಾಗಿ ಕಾಪಾಡುತ್ತಿದ್ದಾರಾ, ಅದು ರಕ್ತವಿಲ್ಲದೆ ಎಷ್ಟು ಹೊತ್ತು ಇರುತ್ತಿದೆ ಅಂತ.

ಯಾರೂ ಮಾತಾಡಲಿಲ್ಲ. ಆ ಸೆಂಟರಿನ ಪಿಐ, ಅಂದರೆ ಮುಖ್ಯ ಸಂಶೋಧಕರು, ಓಟಿಯಲ್ಲಿದ್ದರು. ಕಾಲ್‌ನಲ್ಲಿದ್ದದ್ದು ಅವರ ನರ್ಸ್ ಕೋಆರ್ಡಿನೇಟರ್ ಒಬ್ಬರೇ. ಅನ್‌ಮ್ಯೂಟ್ ಮಾಡಿದರು, ಮತ್ತೆ ಮ್ಯೂಟ್ ಮಾಡಿಕೊಂಡರು. ಅಷ್ಟರಲ್ಲಿ ಇನ್ಯಾರೋ, ಆ ಸೆಂಟರನ್ನು ಅನಾಲಿಸಿಸ್‌ನಿಂದ ಬಿಟ್ಟುಬಿಡೋಣ ಅಂದರು.

ಆಗ ಆಕೆ ಮಾತಾಡಿದರು. ವಿಷಯ ಎಕ್ಮೋದ್ದು, ಅಂದರೆ ದೇಹದ ಹೊರಗಿನಿಂದಲೇ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಮಶೀನ್‌ನದ್ದು. "ನಮ್ಮಲ್ಲಿ ಪಲ್ಮನರಿ ಹೈಪರ್‌ಟೆನ್ಶನ್ ಪೇಷಂಟ್‌ಗಳು ಜಾಸ್ತಿ. ಹಾರ್ಟ್ ಸುಧಾರಿಸಿಕೊಳ್ಳಲಿ ಅಂತ ಎಕ್ಮೋ ತೆಗೆಯದೆ ಐಸಿಯುಗೆ ಕಳಿಸ್ತೀವಿ. ಎಕ್ಸ್‌ರೇ ಕ್ಲಿಯರ್ ಆಗೇ ಇರುತ್ತೆ. ಆದ್ರೆ ಫಾರ್ಮಿನಲ್ಲಿ ಎಕ್ಮೋ ಹೌದು ಅಂತ ಒತ್ತಿದ ಕೂಡಲೇ ಗ್ರೇಡ್ 3 ಅಂತ ತಾನಾಗೇ ಬರುತ್ತೆ. ಇದರ ಬಗ್ಗೆ ಕ್ವೆರಿ ಹಾಕಿದ್ದೆ."

ಹಾಕಿದ್ದರು. ನಾವು ಡೇಟಾ ತುಂಬುವ ಸಾಫ್ಟ್‌ವೇರ್ ರೆಡ್‌ಕ್ಯಾಪ್‌ನಲ್ಲಿ ಅದು ಉತ್ತರವಿಲ್ಲದೆ ಓಪನ್ ಆಗಿಯೇ ಬಿದ್ದಿತ್ತು.

ಹೃದಯ-ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘ ಐಎಸ್‌ಎಚ್‌ಎಲ್‌ಟಿಯ 2016ರ ಪಿಜಿಡಿ ವ್ಯಾಖ್ಯೆಯಲ್ಲಿ ಇದು ಸ್ಪಷ್ಟವಾಗಿದೆ. ಎಕ್ಮೋ ಜೊತೆಗೆ ಎಕ್ಸ್‌ರೇಯಲ್ಲಿ ಎರಡೂ ಕಡೆ ನೀರು ಕಂಡರೆ ಗ್ರೇಡ್ 3. ಎಕ್ಸ್‌ರೇ ಕ್ಲಿಯರ್ ಇದ್ದು, ಆಕ್ಸಿಜನ್ ಕೊರತೆ ಬಿಟ್ಟು ಬೇರೆ ಕಾರಣಕ್ಕೆ ಎಕ್ಮೋ ಹಾಕಿದ್ದರೆ ಗ್ರೇಡ್ ಕೊಡುವ ಹಾಗಿಲ್ಲ. ನಮ್ಮ ಫಾರ್ಮ್ ಎಕ್ಮೋ ಯಾಕೆ ಅಂತ ಕೇಳುತ್ತಲೇ ಇರಲಿಲ್ಲ.

ಗ್ರೇಡನ್ನು ತಾನಾಗೇ ಹಾಕುತ್ತಿದ್ದ ಆ ಕ್ಯಾಲ್ಕುಲೇಟೆಡ್ ಫೀಲ್ಡ್ ಕಿತ್ತುಹಾಕಿದೆವು. ಈಗ ಸೆಂಟರ್‌ಗಳು ಗ್ರೇಡ್ ಕಳಿಸುವುದಿಲ್ಲ. ಪಿಎಓ2 (ರಕ್ತದಲ್ಲಿನ ಆಕ್ಸಿಜನ್), ಎಫ್‌ಐಓ2 (ಉಸಿರಿಗೆ ಕೊಡುವ ಗಾಳಿಯಲ್ಲಿ ಆಕ್ಸಿಜನ್ ಪಾಲು), ಎಕ್ಸ್‌ರೇ, ಎಕ್ಮೋ ಹಾಕಿದ ಕಾರಣ, ಎರಡನೇ ಶ್ವಾಸಕೋಶಕ್ಕೆ ರಕ್ತ ಬಿಟ್ಟ ಸಮಯ ಕಳಿಸುತ್ತಾರೆ. 72 ಗಂಟೆಯ ಲೆಕ್ಕ ಶುರುವಾಗುವುದೇ ಆ ಸಮಯದಿಂದ. ಕೆಲವರು ಐಸಿಯುಗೆ ಬಂದ ಹೊತ್ತನ್ನು ಬರೆಯುತ್ತಿದ್ದರು. ಎಕ್ಸ್‌ರೇಯನ್ನು ಬೇರೆ ಸೆಂಟರಿನ ಇಬ್ಬರು, ಯಾರ ಪೇಷಂಟ್ ಅಂತ ಗೊತ್ತಿಲ್ಲದೆ ಓದುತ್ತಾರೆ. ಮತ್ತೆ ಗ್ರೇಡ್ ಮಾಡಿದಾಗ ಸಿ ಸೆಂಟರಿನ ಕಂಬ ಉಳಿದವುಗಳ ಮಟ್ಟಕ್ಕೇ ಇಳಿಯಿತು.

ನನಗೆ ಸಿಟ್ಟು ಇರುವುದು ದುಡ್ಡು ಹಂಚುವವರ ಮೇಲೆ. ಸ್ಯಾಂಪಲ್ ಇಡುವ ಫ್ರೀಜರ್‌ಗೆ ಇದೆ, ಸೀಕ್ವೆನ್ಸಿಂಗ್‌ಗೆ ಇದೆ. ಫಾರ್ಮ್ ತುಂಬುವ ಕೋಆರ್ಡಿನೇಟರ್‌ಗೆ ಪೂರ್ತಿ ಸಂಬಳ ಇಲ್ಲ, ಸ್ಟೀರಿಂಗ್ ಕಮಿಟಿಯಲ್ಲಿ ಜಾಗವೂ ಇಲ್ಲ. ಗ್ರೇಡೇ ತಪ್ಪಿದ್ದರೆ ಎಷ್ಟು ಬಿಎಎಲ್ (ಶ್ವಾಸಕೋಶ ತೊಳೆದು ತೆಗೆದ ದ್ರವದ) ಸ್ಯಾಂಪಲ್ ಓಡಿಸಿ ಏನು ಪ್ರಯೋಜನ? ಮೂಗಿಗೆ ಆಕ್ಸಿಜನ್ ಹಾಕಿಕೊಂಡೇ ಕನ್ಸೆಂಟ್‌ಗೆ ಸಹಿ ಮಾಡಿದವರು ನಮ್ಮ ಪೇಷಂಟ್‌ಗಳು. ಅವರ ಸ್ಯಾಂಪಲ್ ತಪ್ಪು ಗುಂಪಿಗೆ ಹೋಗಬಾರದು, ಅಲ್ವಾ?

ಈಗ ಯಾವುದಾದರೂ ಸೆಂಟರಿನ ಅಂಕಿ ಎದ್ದು ಕಂಡರೆ, ಸ್ಲೈಡ್ ಮಾಡುವ ಮೊದಲು ಅಲ್ಲಿನ ಕೋಆರ್ಡಿನೇಟರ್‌ಗೆ ಫೋನ್ ಹೋಗುತ್ತದೆ. ಮುಂದಿನದು ಕ್ಲ್ಯಾಡ್, ಅಂದರೆ ಕಸಿ ಮಾಡಿದ ಶ್ವಾಸಕೋಶ ಕಾಲಕ್ರಮೇಣ ಶಕ್ತಿ ಕಳೆದುಕೊಳ್ಳುವುದು. ಅದಕ್ಕೆ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಬೇಸ್‌ಲೈನ್ ಬೇಕು. ಕನಿಷ್ಠ ಮೂರು ವಾರ ಅಂತರದ ಎರಡು ಅತ್ಯುತ್ತಮ ಅಳತೆಗಳ ಸರಾಸರಿ ಅಂತ 2019ರ ವ್ಯಾಖ್ಯೆ ಇದೆ. ಅದನ್ನು ತಮ್ಮಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೋಆರ್ಡಿನೇಟರ್‌ಗಳನ್ನೇ ಕೇಳುತ್ತಿದ್ದೇವೆ. ಫಾರ್ಮ್ ಇನ್ನೂ ಬರೆದಿಲ್ಲ.