ಹಾಲುವಾಣದ ಊರಿಗೆ ಬಂದ ಮೆಣಸು

ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವುದು ಹಾಲುವಾಣದ ಮರಕ್ಕೆ. ಕೆಲಸದ ಮೇಲೆ ಚೀನಾದ ಕಡಲ ತೀರದ ಚ್ವಾನ್‌ಚೌ ಊರಿಗೆ ಬಂದ ಹೊಸತರಲ್ಲಿ, ರಸ್ತೆ ಬದಿ ಅದೇ ಕೆಂಪು ಹೂ ಕಂಡು ನಿಂತುಬಿಟ್ಟೆ. ಅದೇ ಮರ! ಇಲ್ಲಿನವರು ತ್ಸಿತೊಂಗ್ ಅನ್ನುತ್ತಾರೆ. ಹತ್ತನೇ ಶತಮಾನದಲ್ಲಿ ಕೋಟೆ ಸುತ್ತ ಇದನ್ನೇ ನೆಟ್ಟಿದ್ದರು. ಊರಿಗೂ ಆ ಹೆಸರೇ ನಿಂತಿತು. ಅರಬ್ ವ್ಯಾಪಾರಿಗಳ ಬಾಯಲ್ಲಿ ಅದು ಜೈತೂನ್ ಆಯಿತು.

ಈ ಮರದ ಊರಿಗೆ ಮೆಣಸೂ ಬರುತ್ತಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಇಲ್ಲಿನ ಕೈಯುವಾನ್ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಹಳೇ ಹಡಗೊಂದಿದೆ. 1974ರಲ್ಲಿ ಕೊಲ್ಲಿಯ ಕೆಸರಿನಿಂದ ಎತ್ತಿದ್ದು, ಆಗ ಚೀನಾ ಆಳುತ್ತಿದ್ದ ಸೋಂಗ್ ಅರಸರ ಕೊನೆಗಾಲದ್ದು, ಅಂದರೆ 13ನೇ ಶತಮಾನದ್ದು. ಉಳಿದಿರುವ ಭಾಗವೇ 24 ಮೀಟರ್. ಒಳಗೆ ಅಡ್ಡ ಹಲಗೆ ಬಡಿದು 13 ಕೋಣೆ ಮಾಡಿದ್ದಾರೆ. ಒಂದು ಕಡೆ ತೂತಾದರೂ ನೀರು ಆ ಕೋಣೆಯಲ್ಲೇ ನಿಲ್ಲಲಿ ಅಂತ. ಅದರೊಳಗೆ ಸಿಕ್ಕಿದ್ದು ರಾಶಿಗಟ್ಟಲೆ ಸುಗಂಧದ ಮರದ ತುಂಡು, ಜೊತೆಗೆ ಕರಿಮೆಣಸು. 700 ವರ್ಷ ಕೆಸರಲ್ಲಿದ್ದ ಕಾಳು! ಅಂಗಳದಲ್ಲಿ ಅಮ್ಮ ಹರವಿ ಒಣಗಿಸುವ ಮೆಣಸು ಕಣ್ಣ ಮುಂದೆ ಬಂತು.

ಬಂದ ಸರಕು ನೇರ ಪೇಟೆಗೆ ಹೋಗುವಂತಿರಲಿಲ್ಲ. 1087ರಲ್ಲಿ ಸರ್ಕಾರ ಇಲ್ಲಿ ಶಿಬೋಸಿ ಎಂಬ ಕಚೇರಿ ತೆರೆಯಿತು. ಕಡಲ ವ್ಯಾಪಾರದ ಸುಂಕದಕಟ್ಟೆ ಅನ್ನಿ. ಅಧಿಕಾರಿಗಳು ಹಡಗು ತಪಾಸಣೆ ಮಾಡಿ, ಸುಂಕವಾಗಿ ಸರಕಿನಲ್ಲೇ ಒಂದು ಪಾಲು ಎತ್ತಿಕೊಳ್ಳುತ್ತಿದ್ದರು. ಇನ್ನಷ್ಟನ್ನು ತಾವೇ ಬೆಲೆ ಕಟ್ಟಿ ಕೊಳ್ಳುತ್ತಿದ್ದರು. ಮಿಕ್ಕಿದ್ದು ವ್ಯಾಪಾರಿಗೆ. 1127ರಲ್ಲಿ ಸೋಂಗ್ ಅರಸರ ರಾಜಧಾನಿ ಕೈಫೆಂಗ್ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ ಜನರ ಕೈಗೆ ಹೋಯಿತು, ಆಸ್ಥಾನ ದಕ್ಷಿಣಕ್ಕೆ ಬಂತು. ಅರ್ಧ ನೆಲ ಕಳೆದುಕೊಂಡ ಸರ್ಕಾರಕ್ಕೆ ಕಡಲಿನ ದುಡ್ಡು ಬೇಕೇಬೇಕಿತ್ತು, ಅಲ್ವಾ?

ಅದು ಎಷ್ಟು ಬೇಕಿತ್ತು ಅನ್ನೋದು ನನಗೆ ಅರ್ಥವಾಗಿದ್ದು ಊರಾಚೆಯ ಜಿಯೂರಿ ಬೆಟ್ಟದಲ್ಲಿ. ಸರ್ಕಾರಿ ಪರೀಕ್ಷೆ ಪಾಸಾಗಿ, ಕನ್ಫ್ಯೂಷಿಯಸ್‌ನ ಗ್ರಂಥಗಳನ್ನು ಅರೆದು ಕುಡಿದು ಹುದ್ದೆಗೆ ಬಂದ ಅಧಿಕಾರಿಗಳು ವರ್ಷಕ್ಕೆರಡು ಸಲ ಇಲ್ಲಿ ಗಾಳಿಗಾಗಿ ಪೂಜೆ ಮಾಡುತ್ತಿದ್ದರು. ಚಳಿಗಾಲದ ಗಾಳಿ ಹಡಗನ್ನು ದಕ್ಷಿಣಕ್ಕೆ ಒಯ್ಯಬೇಕು, ಮುಂಗಾರಿನ ಗಾಳಿ ವಾಪಸ್ ತರಬೇಕು. ಪೂಜೆ ಮುಗಿದ ಮೇಲೆ ದಿನ, ಬಂದವರ ಹೆಸರು ಎಲ್ಲ ಬಂಡೆ ಮೇಲೆ ಕೆತ್ತಿಸುತ್ತಿದ್ದರು. ಇಂಥ 10 ಬರಹ ಉಳಿದಿವೆ. ಹಳೆಯದು 1174ರದ್ದು, ಕೊನೆಯದು 1266ರದ್ದು. ಅಕ್ಷರಗಳು ಅಂಗೈಗಿಂತ ದೊಡ್ಡವು. ನಾನು ತುಂಬ ಹೊತ್ತು ಅಲ್ಲೇ ಕೂತಿದ್ದೆ.

ಅಂದಹಾಗೆ, ಕೈಯುವಾನ್ ದೇವಾಲಯದ ಹಿಂಭಾಗದ ಎರಡು ಕಲ್ಲುಕಂಬಗಳನ್ನು ನೋಡದೆ ಬರಬೇಡಿ. ಒಂದು ಕಡೆ ನಮ್ಮ ನರಸಿಂಹ ಇದ್ದಾನೆ. ತಮಿಳು ವ್ಯಾಪಾರಿಗಳು ಈ ಊರಲ್ಲಿ ಕಟ್ಟಿಸಿದ್ದ ಗುಡಿ ಹಾಳಾದ ಮೇಲೆ, ಅದರ ಕಲ್ಲುಗಳನ್ನು ಬೌದ್ಧರು ತಮ್ಮ ದೇವಾಲಯಕ್ಕೆ ಬಳಸಿಕೊಂಡರು.

ಬೆಟ್ಟ ಇಳಿದ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಮುಂಗಾರಿನ ಗಾಳಿ ಜಾಸ್ತಿಯಾಗಿದೆಯಂತೆ. ಎರಡು ಹಾಲುವಾಣ ಬಿದ್ದಿವೆ, ಮಳೆ ಬಿಟ್ಟ ಮೇಲೆ ಬಳ್ಳಿ ಎತ್ತಿ ಕಟ್ಟಿಸಬೇಕು ಅಂದರು.