ಮುತ್ಯಾ ಡಾಂಬರಿನಿಂದ ಬರದ ನಂಬರ್

ಹೋದ ಮಂಗಳವಾರ ಮುಂಜಾನೆ ಏಳಕ್ಕ ಕ್ರೇನ್ ಬಂತು, ಸಂಜಿ ನಾಕಕ್ಕ ಮನಿ ನಿಂತಿತ್ತು. ಗ್ವಾಡಿ, ಛತ್ತು, ಕಿಟಕಿ ಚೌಕಟ್ಟು ಎಲ್ಲಾ ಫ್ಯಾಕ್ಟರಿಯೊಳಗ ತಯಾರಾಗಿ ಲಾರಿ ಮ್ಯಾಲೆ ಬಂದ ಕಟ್ಟಿಗಿ ಪ್ಯಾನೆಲ್, ಒಳಗಿನ ಕೆಲಸ ಇನ್ನೂ ಬಾಕಿ ಐತಿ. ಮೆಲ್ಬರ್ನ್‌ನ ಒಂದು ಹಳೇ ಮನಿ ಹಿತ್ತಲದಾಗ 60 ಚದರ ಮೀಟರ್ ಮನಿ, ನಾನ ಡಿಸೈನ್ ಮಾಡಿದ್ದು. 2023ರ ಡಿಸೆಂಬರ್‌ದಿಂದ ಇಲ್ಲಿ 300 ಚದರ ಮೀಟರ್ ಮೀರಿದ ಜಾಗದಾಗ ಇಷ್ಟು ಸಣ್ಣ ಎರಡನೇ ಮನಿಗೆ ಹೆಚ್ಚಾಗಿ ಪ್ಲಾನಿಂಗ್ ಪರ್ಮಿಟ್ ಬೇಕಿಲ್ಲ, ಬಿಲ್ಡಿಂಗ್ ಪರ್ಮಿಟ್ ಇದ್ರ ಆತು.

ಬಾಜು ಮನಿ ಅಜ್ಜಿ ಬೇಲಿ ಕಡೆ ಕುರ್ಚಿ ಹಾಕ್ಕೊಂಡು ದಿನಾಪೂರ್ತಿ ನೋಡಿದ್ರು. ಸಂಜಿಮುಂದ ಕೇಳಿದ್ರು, "ಮುಂದ ಯಾವಾಗರೆ ಇದನ್ನ ಬಿಚ್ಚಿ ಬ್ಯಾರೆ ಕಡೆ ಒಯ್ದು ಕಟ್ಟಾಕ ಬರತೈತೇನು?" ಹೂಂ, ಪ್ಯಾನೆಲ್‌ಗೋಳು ಸ್ಕ್ರೂ ಬೋಲ್ಟ್ ಮ್ಯಾಲೆ ನಿಂತಾವ, ಬಿಚ್ಚಬಹುದು ಅಂದೆ. ಹೇಳೋದ್ರಾಗ ಗಂಟಲ ಬಿಗೀತು.

ಯಾಕಂದ್ರ ನಮ್ಮ ಮನಿ ಹಂಗ ಬಿಚ್ಚಿದ್ದನ್ನ ನಾ ಕಣ್ಣಾರೆ ನೋಡೇನಿ. ಆಲಮಟ್ಟಿ ಹಿನ್ನೀರು ಘಟಪ್ರಭಾ ಹಿಡದು ಹಳೇ ಬಾಗಲಕೋಟಿಗೆ ಬರ್ತೈತಿ ಅಂದಾಗ ನಾ ಏಳನೇತ್ತೆ. ಮೊದಲ ಮ್ಯಾಳಗಿ ಮಣ್ಣು ಇಳಿಸಿದ್ರು, ಆಮ್ಯಾಲೆ ಜಂತಿ, ಕಡೀಕ ಸಾಗವಾನಿ ತೊಲಿ. ಬಡಿಗೇರ ಕಾಕಾ ಒಂದೊಂದ ಬೆಣಿ ಬಡದು ತಗದಾ, ತೊಲಿಗೆ ಒಂದ ಮೊಳಿ ಇರಲಿಲ್ಲ, ಮುತ್ಯಾ ಹಿಂದಿಂದನ ಡಾಂಬರ್ ಹಿಡ್ಕೊಂಡು ಪ್ರತಿ ಕಟ್ಟಿಗಿಗೆ ನಂಬರ್ ಬರಕೋತ ಬಂದಾ, ಮುಳುಗಡಿ ಮಂದಿಗಂತ ಕಟ್ಟಿದ ನವನಗರದಾಗ ಹೆಂಗಿತ್ತೋ ಹಂಗ ಎಬ್ಬಸಬೇಕಂತ.

ಎಬ್ಬಸಲಿಲ್ಲ. ಕಟ್ಟಿಗಿ ಎರಡು ವರ್ಷ ತಗಡಿನ ಕೆಳಗ ಬಿದ್ದಿತ್ತು, ಪರಿಹಾರದ ರೊಕ್ಕ ಬಂದಮ್ಯಾಲೆ ಅಪ್ಪ ಸ್ಲ್ಯಾಬ್ ಹಾಕಿಸಿದಾ, ತೊಲಿ ಮಾರಿದಾ. ನಮ್ಮ ಸಾಲಿನಾಗ ಎಲ್ಲಾರೂ ಸ್ಲ್ಯಾಬ್ ಹಾಕಿದ್ರು, ನನಗೂ ಆವಾಗ ಭಾಳ ಖುಷಿ ಆಗಿತ್ತು. ಏಪ್ರಿಲ್‌ನಾಗ ರಾತ್ರಿ ಹತ್ತಾದ್ರೂ ಛತ್ತು ಬೆಂಕಿ ಕಾರ್ತಿತ್ತು. ಮುತ್ಯಾ ಮಾತ್ರ ಒಂದೂ ಮಾತಾಡಲಿಲ್ಲ.

ಗಿಡ ಹೀರಿದ ಕಾರ್ಬನ್ ಕಟ್ಟಿಗಿಯೊಳಗ ಕೂತಿರತೈತಿ, ಒಂದು ಘನ ಮೀಟರಿಗೆ ಹೆಚ್ಚುಕಡಿಮಿ ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ನಷ್ಟು. ಸುಟ್ರ, ಕೊಳತ್ರ ವಾಪಸ್ ಗಾಳಿಗೆ. ಬಿಚ್ಚಿ ಮತ್ತ ಕಟ್ಟಿದ್ರ ಇನ್ನೊಂದು ತಲಿಮಾರು ಅಲ್ಲೇ ಉಳೀತೈತಿ. ಮುತ್ಯಾಗ ಈ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಹಂಗಂತ ಇಲ್ಲಿನ ಮನಿನ ಎತ್ತಿ ಬಾಗಲಕೋಟಿಯೊಳಗ ಇಡ್ರಿ ಅಂತ ನಾ ಹೇಳೂದಿಲ್ಲ. ನಮ್ಮ ಬಿಸಲಿಗೆ ಬರೇ ಹಗುರ ಕಟ್ಟಿಗಿ ಗ್ವಾಡಿ ಸಾಲೂದಿಲ್ಲ, ಬಿಸಲು ತಡಿಯೋ ಭಾರ ಬೇಕು, ಒರಲಿ ಕಾಟ ಬ್ಯಾರೆ. ಮ್ಯಾಳಗಿ ಮ್ಯಾಲಿನ ಆ ದಪ್ಪನ ಮಣ್ಣು ಅದಕ್ಕ ಇತ್ತು. ಕಟ್ಟಿಗಿ ಮತ್ತ ಮಣ್ಣು ಕೂಡಿಸಿ ಹೊಸಾದಾಗಿ ವಿಚಾರ ಮಾಡೋ ಮಂದಿ ನಮ್ಮಲ್ಲೇ ಬೇಕು. ಈ ಹಿತ್ತಲ ಮನಿಗೂ ಮೂರು ಕಡೆ ಬೇಲಿ ಹತ್ರ, ಬೆಳಕಿಗೆ ಛತ್ತಿನಾಗ ಗಾಜು ಇಟ್ಟೆ. ನಮ್ಮ ಪಡಸಾಲಿ ಬೆಳಕಿಂಡಿನ ಅದು.

ಅವತ್ತ ರಾತ್ರಿ ಅವ್ವಗ ಫೋನ್ ಹಚ್ಚಿದೆ, ಮುತ್ಯಾನ ಕಟ್ಟಿಗಿ ಏನರೆ ಉಳದೈತೇನಬೇ ಅಂತ. "ದೇವರ ಖೋಲಿ ಬಾಗಲ ಚೌಕಟ್ಟು ಅವನ್ದ ಅಲ್ಲೇನೋ, 17 ಅಂತ ಬರದೈತಲ್ಲ. ದೀಪಾವಳಿಗೆ ಬಣ್ಣ ಹಚ್ಚೋವಾಗ ನಿಮ್ಮಪ್ಪ ಬಾಜೂಕ ನಿಂತು ಆ ನಂಬರಿನ ಮ್ಯಾಲೆ ಬ್ರಶ್ ಆಡಸಾಕ ಬಿಡೂದಿಲ್ಲ."